ಘಮಕ್ಕೂ ವಯಸ್ಸಾಗುತ್ತದೆ: ಲಿನಲೂಲ್ ಬಗ್ಗೆ ನಮಗೆ ಗೊತ್ತಿರಬೇಕಾದದ್ದು

ನಿಮ್ಮ ಸ್ನಾನದ ಮನೆಯಲ್ಲಿರುವ ಶಾಂಪೂ ಬಾಟಲಿಯನ್ನು ಒಮ್ಮೆ ತಿರುಗಿಸಿ, ಹಿಂಬದಿಯ ಪಟ್ಟಿ ಓದಿ ನೋಡಿ. ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇಪ್ಪತ್ತು ಮೂವತ್ತು ಹೆಸರುಗಳಿರುತ್ತವೆ. ಮೊದಲು ನೀರು, ಆಮೇಲೆ ನೊರೆ ಬರಿಸುವ ವಸ್ತುಗಳು, ಕೂದಲು ನುಣುಪಾಗಿಸುವವು, ಕೆಡದಂತೆ ಕಾಪಾಡುವವು. ಪಟ್ಟಿ ಮುಗಿಯುವ ಹೊತ್ತಿಗೆ ‘ಪರ್ಫ್ಯೂಮ್’ ಅಥವಾ ‘ಫ್ರಾಗ್ರೆನ್ಸ್’ ಎಂಬ ಒಂದು ಪದ. ಕೆಲವು ಬಾಟಲಿಗಳಲ್ಲಿ ಕಥೆ ಅಲ್ಲಿಗೇ ಮುಗಿಯುತ್ತದೆ. ಇನ್ನು ಕೆಲವುದರಲ್ಲಿ ಅದರ ನಂತರವೂ ನಾಲ್ಕೈದು ಹೆಸರುಗಳು ಬರುತ್ತವೆ: ಲಿನಲೂಲ್, ಲಿಮೊನೀನ್, ಗೆರಾನಿಯೋಲ್, ಸಿಟ್ರಾಲ್.

ಇವುಗಳಲ್ಲಿ ಅತಿ ಹೆಚ್ಚು ಕಡೆ ಕಾಣಸಿಗುವ ಹೆಸರುಗಳಲ್ಲಿ ಲಿನಲೂಲ್ ಒಂದು. ಸೋಪು, ಶಾಂಪೂ, ಫೇಸ್‌ಕ್ರೀಮ್, ಡಿಯೋ, ಟಾಲ್ಕಂ ಪೌಡರ್, ಮಕ್ಕಳ ಎಣ್ಣೆ, ಬಟ್ಟೆ ತೊಳೆಯುವ ಲಿಕ್ವಿಡ್ ಹೀಗೆ ಘಮ ಇರುವ ಬಹುಪಾಲು ವಸ್ತುಗಳಲ್ಲಿ ಇದು ಇರುತ್ತದೆ. ನಾನು ಕೆಮಿಸ್ಟ್ರಿ ಓದಿದವನಲ್ಲ. ಎಂ.ಸಿ.ಎ. ಮಾಡಿ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿರುವವನು. ಆದರೆ ನಮ್ಮ ಮನೆಯಲ್ಲೇ ಒಬ್ಬರ ಕೈಯ ಚರ್ಮ, ಅದರ ಜೊತೆಗೆ ಅವರ ದುಡಿಮೆ ಕೂಡ ಈ ಒಂದು ಹೆಸರಿನ ಮೇಲೆ ನಿಂತಾಗ ಸಿಕ್ಕಿದ್ದನ್ನೆಲ್ಲ ಓದಿದೆ, ಡಾಕ್ಟರನ್ನು ಕೇಳಿದೆ. ನಿಮಗೂ ಉಪಯೋಗವಾದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಅಡುಗೆಮನೆಯಲ್ಲೇ ಇರುವ ಘಮ

ಹೆಸರು ಹೊಸದಿರಬಹುದು, ವಾಸನೆ ಮಾತ್ರ ನಮಗೆಲ್ಲ ಹಳೆಯದು. ನಮ್ಮ ಧಾರವಾಡದ ಕಡೆ ‘ಹವೀಜ’ ಎನ್ನುವ ಕೊತ್ತಂಬರಿ ಬೀಜವನ್ನು ಸಾರಿನ ಪುಡಿಗೆ ಹುರಿಯುವಾಗ ಏಳುತ್ತದಲ್ಲ, ಆ ಸಿಹಿ ಘಮದ ಹಿಂದೆ ಇರುವುದು ಲಿನಲೂಲ್. ಕೊತ್ತಂಬರಿ ಬೀಜದಿಂದ ತೆಗೆದ ಸುಗಂಧ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದೇ ಇರುತ್ತದೆ. ಲ್ಯಾವೆಂಡರ್ ಎಣ್ಣೆಯಲ್ಲಿ ಸಾಮಾನ್ಯವಾಗಿ ಶೇ. 25ರಿಂದ 45ರಷ್ಟು. ಕಾಮಕಸ್ತೂರಿಯಲ್ಲಿದೆ, ಕಿತ್ತಳೆ ಜಾತಿಯ ಹಣ್ಣುಗಳಲ್ಲಿದೆ, ಚಹಾದ ಪರಿಮಳದಲ್ಲೂ ಇದೆ. ಉಡುಪಿ ಮಲ್ಲಿಗೆ, ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ ಎಂದು ನಾವು ಹೆಮ್ಮೆಯಿಂದ ಹೇಳುವ ಹೂಗಳ ಘಮದಲ್ಲೂ ಬೆಂಜೈಲ್ ಅಸಿಟೇಟ್, ಇಂಡೋಲ್ ಮುಂತಾದವುಗಳ ಜೊತೆ ಲಿನಲೂಲ್ ಸೇರಿಕೊಂಡಿದೆ. ಇನ್ನೂರಕ್ಕೂ ಹೆಚ್ಚು ಸಸ್ಯಗಳಲ್ಲಿ ಇದು ಇದೆ ಎನ್ನುತ್ತಾರೆ.

ಸೋಪಿನ ಕಾರ್ಖಾನೆಗೆ ಬೇಕಾಗುವಷ್ಟು ಲಿನಲೂಲನ್ನು ಹೂವಿನಿಂದ ತೆಗೆಯುತ್ತಾ ಕೂತರೆ ಆಗುವುದಿಲ್ಲ. ಅದಕ್ಕೇ ಹೆಚ್ಚಿನದು ಕಾರ್ಖಾನೆಯಲ್ಲೇ ತಯಾರಾಗುತ್ತದೆ. ಪೈನ್ ಮರದ ಟರ್ಪೆಂಟೈನಿನಿಂದ ಬರುವ ಪೈನೀನ್ ಎಂಬ ವಸ್ತುವಿನಿಂದ ಮಾಡುವುದು ಒಂದು ದಾರಿ. ಪೆಟ್ರೋಲಿಯಂ ಮೂಲದ ಅಸಿಟೋನ್ ಮತ್ತು ಅಸಿಟಿಲೀನಿನಿಂದ ಹಂತಹಂತವಾಗಿ ಕಟ್ಟುವುದು ಇನ್ನೊಂದು. ಈ ಎರಡನೆಯ ದಾರಿಯಲ್ಲೇ ಮುಂದೆ ಹೋದರೆ ವಿಟಮಿನ್ ಇ ಕೂಡ ಸಿಗುತ್ತದೆ. ಹೀಗೆ ಸಿಕ್ಕ ಲಿನಲೂಲ್ ಅಗ್ಗ. ಬೇರೆ ಘಮಗಳ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಮೂಗಿಗೆ ತಾಜಾತನದ ಭಾವನೆ ಕೊಡುತ್ತದೆ. ಸುಗಂಧ ತಯಾರಿಸುವವರಿಗೆ ಇದು ನಮ್ಮ ಒಗ್ಗರಣೆಯ ಸಾಸಿವೆ ಇದ್ದ ಹಾಗೆ, ಹೆಚ್ಚುಕಡಿಮೆ ಎಲ್ಲದಕ್ಕೂ ಬೇಕು.

ಗಾಳಿ ತಗುಲಿದ ಮೇಲೆ

ಹಾಗಿದ್ದರೆ ತೊಂದರೆ ಎಲ್ಲಿ? ಶುದ್ಧವಾದ, ತಾಜಾ ಲಿನಲೂಲ್ ಚರ್ಮಕ್ಕೆ ಅಲರ್ಜಿ ತರುವುದು ಬಹಳ ಅಪರೂಪ. ಬಹಳ ವರ್ಷ ಇದನ್ನು ನಿರುಪದ್ರವಿ ಎಂದೇ ಎಣಿಸಿದ್ದರು. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಪ್ರಶ್ನೆ ಕೇಳಿದರು. ಬಾಟಲಿಯ ಮುಚ್ಚಳ ತೆಗೆದು, ಗಾಳಿ ಆಡಿ, ತಿಂಗಳುಗಟ್ಟಲೆ ಬಳಸಿದ ಲಿನಲೂಲ್ ಏನಾಗುತ್ತದೆ?

ಹಳೆಯ ಶೇಂಗಾ ಎಣ್ಣೆ ಕಮಟು ಹಿಡಿಯುವುದು ನಿಮಗೆ ಗೊತ್ತು. ಗಾಳಿಯಲ್ಲಿರುವ ಆಮ್ಲಜನಕ ಎಣ್ಣೆಯ ಅಣುಗಳಿಗೆ ಅಂಟಿಕೊಂಡು ಅವನ್ನು ಬೇರೆಯೇ ಮಾಡಿಬಿಡುತ್ತದೆ. ಲಿನಲೂಲಿಗೂ ಹೀಗೇ ಆಗುತ್ತದೆ. ಆಮ್ಲಜನಕ ಸೇರಿ ಹೈಡ್ರೋಪೆರಾಕ್ಸೈಡ್ ಎಂಬ ಗುಂಪಿನ ವಸ್ತುಗಳು ಹುಟ್ಟುತ್ತವೆ. ಕಮಟು ಎಣ್ಣೆಯನ್ನು ಮೂಗು ಪತ್ತೆ ಮಾಡುತ್ತದೆ. ಇಲ್ಲಿ ಘಮ ಹೆಚ್ಚುಕಡಿಮೆ ಹಾಗೇ ಇರುವುದರಿಂದ ಬಳಸುವವರಿಗೆ ತಿಳಿಯುವುದು ಕಷ್ಟ. ಈ ಹೈಡ್ರೋಪೆರಾಕ್ಸೈಡುಗಳು ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಕೆಲವರ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರು ಎಂದು ಗುರುತು ಹಾಕಿಕೊಳ್ಳುತ್ತದೆ. ಒಮ್ಮೆ ಗುರುತು ಬಿದ್ದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಆಮೇಲೆ ಸ್ವಲ್ಪವೇ ತಾಕಿದರೂ ಒಂದೆರಡು ದಿನ ಬಿಟ್ಟು ಕೆಂಪು, ತುರಿಕೆ, ಗುಳ್ಳೆ, ಬಿರುಕು.

ಆ ‘ಒಂದೆರಡು ದಿನ ಬಿಟ್ಟು’ ಎಂಬುದೇ ದಾರಿ ತಪ್ಪಿಸುವುದು. ಸೋಮವಾರ ಹಚ್ಚಿದ ಕ್ರೀಮಿಗೆ ಬುಧವಾರ ತುರಿಕೆ ಬಂದರೆ ನಾವು ದೂರುವುದು ಮಂಗಳವಾರ ತಿಂದ ಬದನೆಕಾಯಿಯನ್ನು.

ಚರ್ಮದ ತೊಂದರೆಯೆಂದು ಆಸ್ಪತ್ರೆಗೆ ಬಂದವರ ಮೇಲೆ ಗಾಳಿ ತಗುಲಿದ ಲಿನಲೂಲಿನಿಂದ ಪರೀಕ್ಷೆ ಮಾಡಿದಾಗ ಯುರೋಪಿನಲ್ಲಿ ಸುಮಾರು ಶೇ. 5ರಿಂದ 7 ಮಂದಿಯಲ್ಲಿ ಪ್ರತಿಕ್ರಿಯೆ ಕಂಡಿದೆ. ಈ ಅಂಕಿಯನ್ನು ಎಚ್ಚರಿಕೆಯಿಂದ ಓದಬೇಕು. ಇದು ಊರಿನ ಜನರ ಲೆಕ್ಕವಲ್ಲ, ಆಗಲೇ ಚರ್ಮದ ತೊಂದರೆ ಇದ್ದು ಡಾಕ್ಟರ ಬಳಿ ಹೋದವರ ಲೆಕ್ಕ. ಪರೀಕ್ಷೆಗೆ ಬಳಸುವ ಪ್ರಮಾಣವೂ ಕ್ರೀಮಿನಲ್ಲಿ ಇರುವುದಕ್ಕಿಂತ ಬಹಳ ಹೆಚ್ಚು. ಕೆಲವು ಸಣ್ಣ ಪ್ರತಿಕ್ರಿಯೆಗಳು ಅಲರ್ಜಿಯಲ್ಲ, ಬರೀ ಉರಿ ಎಂಬ ವಾದವೂ ವೈದ್ಯರ ನಡುವೆಯೇ ಇದೆ. ಆದ್ದರಿಂದ ಲಿನಲೂಲ್ ಎಂಬ ಹೆಸರು ಕಂಡ ಕೂಡಲೇ ಬಾಟಲಿ ಎಸೆಯಬೇಕಾಗಿಲ್ಲ. ನಮ್ಮಲ್ಲಿ ಬಹುತೇಕರಿಗೆ ಇದರಿಂದ ಏನೂ ಆಗುವುದಿಲ್ಲ. ಆಗುವವರಿಗೆ ಮಾತ್ರ ಅದು ಸಣ್ಣ ವಿಷಯವಲ್ಲ.

ವೈನಿಯ ಕೈ

ನಮ್ಮ ವೈನಿ, ಎಂದರೆ ಅಣ್ಣನ ಹೆಂಡತಿ, ಪುಣೆಯಲ್ಲಿ ಸಣ್ಣದೊಂದು ಬ್ಯೂಟಿ ಪಾರ್ಲರ್ ನಡೆಸುತ್ತಾರೆ. ಹನ್ನೊಂದು ವರ್ಷ ಆಯಿತು. ಎರಡು ವರ್ಷದ ಹಿಂದೆ ಅವರ ಬೆರಳ ಸಂದಿಯಲ್ಲಿ ತುರಿಕೆ ಶುರುವಾಯಿತು. ಆಮೇಲೆ ಅಂಗೈ ಒಣಗಿ ಬಿರುಕು ಬಿಟ್ಟಿತು. ಪುಣೆಯ ನೀರು ಗಡಸು ಎಂದರು ಒಬ್ಬರು, ಪಾತ್ರೆ ಸೋಪು ಬದಲಿಸಿ ಎಂದರು ಇನ್ನೊಬ್ಬರು. ಮೆಡಿಕಲ್ ಶಾಪಿನವರು ಕೊಟ್ಟ ಮುಲಾಮು ಹಚ್ಚಿದರೆ ವಾರದಲ್ಲಿ ಇಳಿಯುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು. ಅದು ಸ್ಟೀರಾಯ್ಡ್ ಮುಲಾಮು ಎಂದು ಆಮೇಲೆ ಗೊತ್ತಾಯಿತು.

“ಇಂಥಾ ಕೈಲೆ ಮುಖ ಮುಟ್ಟತೀನಿ ಅಂದ್ರ ಯಾರು ಒಪ್ಪತಾರೋ? ಗಿರಾಕಿ ಕೈ ನೋಡೇ ಹೊಳ್ಳಿ ಹೋಗತಾರ,” ಎಂದು ಒಂದು ಸಂಜೆ ಹೇಳಿದರು. ಪಾರ್ಲರ್ ಬೇರೆಯವರಿಗೆ ಕೊಟ್ಟುಬಿಡುವ ಮಾತೂ ಮನೆಯಲ್ಲಿ ನಡೆಯಿತು. ಮಗನ ಕಾಲೇಜಿನ ಫೀಸು ಆ ಪಾರ್ಲರಿನಿಂದಲೇ ಹೋಗುತ್ತಿತ್ತು.

ಕೊನೆಗೆ ದೊಡ್ಡ ಆಸ್ಪತ್ರೆಯೊಂದರ ಚರ್ಮರೋಗ ವಿಭಾಗಕ್ಕೆ ಹೋದೆವು. ಅಲ್ಲಿ ಪ್ಯಾಚ್ ಟೆಸ್ಟ್ ಮಾಡಿದರು. ಅಲರ್ಜಿ ತರಬಹುದಾದ ವಸ್ತುಗಳನ್ನು ಪುಟ್ಟ ಪುಟ್ಟ ಬಟ್ಟಲುಗಳಲ್ಲಿಟ್ಟು ಬೆನ್ನಿಗೆ ಟೇಪಿನಿಂದ ಅಂಟಿಸುತ್ತಾರೆ. 48 ಗಂಟೆ ಬೆನ್ನಿಗೆ ನೀರು ತಾಕಿಸುವಂತಿಲ್ಲ, ಬೆವರುವಂತಿಲ್ಲ. ತೆಗೆದ ಮೇಲೆ ಒಮ್ಮೆ, ಆಮೇಲೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅದರಲ್ಲಿ ‘ಫ್ರಾಗ್ರೆನ್ಸ್ ಮಿಕ್ಸ್’ ಎಂಬುದೂ ಇತ್ತು. ಅಲ್ಲಿ ಏನೂ ಏಳಲಿಲ್ಲ. ಹಾಗಾದರೆ ಘಮದಿಂದ ತೊಂದರೆಯಿಲ್ಲ ಎಂದುಕೊಂಡೆವು.

ಆದರೆ ಆ ಡಾಕ್ಟರು ಮೊದಲೇ ಹೇಳಿದ್ದರಿಂದ ವೈನಿ ಪಾರ್ಲರಿನಲ್ಲಿ ದಿನಾ ಬಳಸುವ ಕ್ರೀಮು, ಎಣ್ಣೆಗಳನ್ನೂ ಒಯ್ದಿದ್ದರು. ಅವುಗಳಲ್ಲಿ ಲ್ಯಾವೆಂಡರ್ ಮಸಾಜ್ ಎಣ್ಣೆ ಇಟ್ಟ ಜಾಗ ಕೆಂಪಾಗಿ ಉಬ್ಬಿತ್ತು. ದೊಡ್ಡ ಕ್ಯಾನಿನಲ್ಲಿ ಬಂದ ಎಣ್ಣೆ ಅದು. ಮುಚ್ಚಳ ತೆಗೆದು ವರ್ಷ ದಾಟಿತ್ತು, ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು, ಸ್ಟೀಮರಿನ ಪಕ್ಕದ ಕಪಾಟಿನಲ್ಲಿ ಇರುತ್ತಿತ್ತು. “ಇದು ಬರೇ ಹೂವಿನ ಎಣ್ಣಿ ಅದರೀ, ಕೆಮಿಕಲ್ ಏನೂ ಇಲ್ಲ,” ಎಂದು ವೈನಿ ಅಂದರೆ ಡಾಕ್ಟರು ನಕ್ಕು, ಹೂವೂ ಕೆಮಿಕಲ್ಲಿನದೇ ತಾಯಿ ಎಂದರು. ಕೆಲವು ವಾರದ ಮೇಲೆ ಲಿನಲೂಲ್ ಹೈಡ್ರೋಪೆರಾಕ್ಸೈಡನ್ನೇ ಬೇರೆ ತರಿಸಿ ಪರೀಕ್ಷೆ ಮಾಡಿದರು. ಅದು ಖಚಿತವಾಯಿತು.

ಇಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ಒಂದು ಸಂಗತಿ ಇದೆ. ಫ್ರಾಗ್ರೆನ್ಸ್ ಮಿಕ್ಸ್ ಎಂದರೆ ಎಲ್ಲ ಘಮಗಳೂ ಅಲ್ಲ. ಮೊದಲನೆಯ ಮಿಶ್ರಣದಲ್ಲಿ ಎಂಟು ಘಟಕಗಳಿವೆ, ಲವಂಗದ ಯೂಜಿನಾಲ್, ದಾಲ್ಚಿನ್ನಿಯ ಸಿನ್ನಮಾಲ್, ಗೆರಾನಿಯೋಲ್ ಮುಂತಾದವು. ಎರಡನೆಯದರಲ್ಲಿ ಆರು. ಎರಡರಲ್ಲೂ ಲಿನಲೂಲ್ ಇಲ್ಲ. ಆದ್ದರಿಂದ ಅದು ನೆಗೆಟಿವ್ ಬಂದರೂ ಅನುಮಾನ ಉಳಿದಿದ್ದರೆ ಡಾಕ್ಟರನ್ನು ಇನ್ನೊಮ್ಮೆ ಕೇಳಬೇಕು.

ವೈನಿ ಈಗ ವಾಸನೆ ಇಲ್ಲದ ಎಣ್ಣೆ ಬಳಸುತ್ತಾರೆ. ತಲೆ ತೊಳೆಯುವಾಗ ಹತ್ತಿಯ ಕೈಗವಸು, ಅದರ ಮೇಲೆ ನೈಟ್ರೈಲ್ ಗ್ಲೌಸ್. ಎರಡು ತಿಂಗಳಲ್ಲಿ ಕೈ ಬಹುಪಾಲು ಮಾಯಿತು. ಘಮ ಎಲ್ಲಿ ಹೋಯಿತು ಎಂದು ಕೇಳುವ ಗಿರಾಕಿಗಳಿಗೆ ಕಾರಣ ಹೇಳುತ್ತಾರೆ. ಇಬ್ಬರು ಮೂವರು ತಮಗೂ ಹಾಗೇ ಬೇಕು ಎಂದಿದ್ದಾರಂತೆ. ವೈನಿ ಡಾಕ್ಟರಿಗೆ ಕೇಳಿದ ಕೊನೆಯ ಪ್ರಶ್ನೆ, ಮಲ್ಲಿಗೆ ಮುಡಿಯಬಹುದೋ ಇಲ್ಲವೋ ಎಂದು. ತಾಜಾ ಹೂವಿನಲ್ಲಿ ಪ್ರಮಾಣ ಕಡಿಮೆ, ಕೆಡಲು ಸಮಯವೂ ಇರುವುದಿಲ್ಲ, ಮುಡಿದು ನೋಡಿ, ತುರಿಕೆ ಬಂದರೆ ಬಿಡಿ ಎಂದರು. ಶ್ರಾವಣದಲ್ಲಿ ಮುಡಿದರು, ಏನೂ ಆಗಲಿಲ್ಲ.

‘ನ್ಯಾಚುರಲ್’ ಎಂಬ ಮಾತು

ಈಗ ಮಾಲ್‌ಗಳಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ ‘ನೂರಕ್ಕೆ ನೂರು ನೈಸರ್ಗಿಕ’ ಎಂಬ ಚೀಟಿ ಇಲ್ಲದ ವಸ್ತುವೇ ಕಡಿಮೆ. ಲಿನಲೂಲಿನ ಕಥೆ ಈ ಮಾತಿನ ಮಿತಿಯನ್ನು ಚೆನ್ನಾಗಿ ತೋರಿಸುತ್ತದೆ. ಹೂವಿನಿಂದ ಬಂದ ಲಿನಲೂಲ್, ಕಾರ್ಖಾನೆಯಿಂದ ಬಂದ ಲಿನಲೂಲ್ ಎರಡೂ ಗಾಳಿಗೆ ಒಂದೇ ರೀತಿ ಕೆಡುತ್ತವೆ. ಗಿಡದ ಎಣ್ಣೆಯಲ್ಲಿ ತನ್ನನ್ನು ತಾನು ಕಾಪಾಡಿಕೊಳ್ಳುವ ಅಂಶಗಳಿರಬಹುದು ಎಂಬ ನಂಬಿಕೆ ಇತ್ತು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲ್ಯಾವೆಂಡರ್ ಎಣ್ಣೆಗೆ ಅಂಥ ರಕ್ಷಣೆ ಇಲ್ಲ ಎಂದು ತೋರಿಸಿತು. ಕಾರ್ಖಾನೆಯ ಕ್ರೀಮಿಗಾದರೆ ಬಿ.ಎಚ್.ಟಿ. ಅಥವಾ ವಿಟಮಿನ್ ಇಯಂಥ ಆಂಟಿಆಕ್ಸಿಡೆಂಟ್ ಸೇರಿಸಿರುವ ಸಾಧ್ಯತೆ ಹೆಚ್ಚು. ಅಂತರರಾಷ್ಟ್ರೀಯ ಸುಗಂಧ ಉದ್ಯಮದ ಒಕ್ಕೂಟವಾದ ಇಫ್ರಾ ತನ್ನ ನಿಯಮದಲ್ಲಿ ಹೀಗೆ ಸೇರಿಸಲು ಹೇಳುತ್ತದೆ, ಪೆರಾಕ್ಸೈಡ್ ಮಟ್ಟಕ್ಕೆ ಮಿತಿಯನ್ನೂ ಹಾಕಿದೆ. ಲೇಬಲ್ಲಿನಲ್ಲಿ ಬಿ.ಎಚ್.ಟಿ. ಎಂಬ ಹೆಸರು ಕಂಡು ‘ಅಯ್ಯೋ ಕೆಮಿಕಲ್’ ಎಂದು ದೂರ ಸರಿಯುವವರು ಇದನ್ನು ಗಮನಿಸಬೇಕು.

ಹಾಗೆಂದು ಕಾರ್ಖಾನೆಯದ್ದೆಲ್ಲ ಒಳ್ಳೆಯದು ಎಂದೂ ಅಲ್ಲ. ಲಿಲಿಯಲ್ ಎಂಬ ಸಂಶ್ಲೇಷಿತ ಘಮ ದಶಕಗಳ ಕಾಲ ಶಾಂಪೂ, ಕ್ರೀಮುಗಳಲ್ಲಿತ್ತು. ಸಂತಾನಶಕ್ತಿಗೆ ಹಾನಿ ಮಾಡಬಹುದು ಎಂಬ ವರ್ಗಕ್ಕೆ ಅದನ್ನು ಸೇರಿಸಿದ ಮೇಲೆ 2022ರ ಮಾರ್ಚ್ 1ರಿಂದ ಯುರೋಪಿಯನ್ ಒಕ್ಕೂಟ ಕಾಂತಿವರ್ಧಕಗಳಲ್ಲಿ ಅದನ್ನು ನಿಷೇಧಿಸಿತು. ಲೈರಲ್ ಎಂಬ ಇನ್ನೊಂದನ್ನು ತೀವ್ರ ಅಲರ್ಜಿಯ ಕಾರಣಕ್ಕೆ ಅದಕ್ಕೂ ಮೊದಲೇ ಹೊರಗಿಟ್ಟಿತ್ತು. ಲಿನಲೂಲನ್ನು ಹೀಗೆ ನಿಷೇಧಿಸಿಲ್ಲ, ಹೆಸರು ಬರೆಯಿರಿ ಎಂದಷ್ಟೇ ಹೇಳಿದೆ. ಅಪಾಯದ ಬಗೆಗೆ ತಕ್ಕಂತೆ ನಿಯಮ.

ನಮ್ಮ ಶ್ರೀಗಂಧವೂ ಈ ಲೆಕ್ಕದಿಂದ ಹೊರಗಿಲ್ಲ. ಮೈಸೂರಿನಲ್ಲಿ ಶ್ರೀಗಂಧದ ಎಣ್ಣೆಯ ಕಾರ್ಖಾನೆ ಶುರುವಾದದ್ದು 1916ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ತಲೆಮಾರು ಆ ಸೋಪಿನಲ್ಲಿ ಮಿಂದಿದೆಯೋ. ಶ್ರೀಗಂಧದ ಎಣ್ಣೆ ಕೂಡ ಯುರೋಪಿನ ಹೊಸ ಅಲರ್ಜಿ ಪಟ್ಟಿಯಲ್ಲಿ ಸೇರಿದೆ. ಅದರರ್ಥ ಶ್ರೀಗಂಧ ಕೆಟ್ಟದ್ದು ಎಂದಲ್ಲ. ಕೆಲವರಿಗೆ ಆಗಿಬರುವುದಿಲ್ಲ, ಅವರಿಗೆ ಗೊತ್ತಾಗುವಂತೆ ಹೆಸರು ಇರಲಿ ಎಂದು.

ಕಾನೂನು ಎಲ್ಲಿಗೆ ಬಂದಿದೆ

ಯುರೋಪಿಯನ್ ಒಕ್ಕೂಟ 2003ರಲ್ಲೇ 26 ಸುಗಂಧ ಘಟಕಗಳನ್ನು ಗುರುತಿಸಿ ಲೇಬಲ್ಲಿನಲ್ಲಿ ಹೆಸರಿಸಬೇಕು ಎಂದು ನಿಯಮ ಮಾಡಿತು. ಲಿನಲೂಲ್ ಆ ಪಟ್ಟಿಯಲ್ಲಿದೆ. ಹಚ್ಚಿ ಹಾಗೇ ಬಿಡುವ ಕ್ರೀಮಿನಂಥವುಗಳಲ್ಲಿ ಶೇ. 0.001, ಅಂದರೆ ಕಿಲೋಗೆ 10 ಮಿಲಿಗ್ರಾಂ ದಾಟಿದರೆ, ಸೋಪು ಶಾಂಪೂವಿನಂತೆ ತೊಳೆದು ಹೋಗುವವುಗಳಲ್ಲಿ ಶೇ. 0.01 ದಾಟಿದರೆ ಹೆಸರು ಕಡ್ಡಾಯ. 2023ರ ಹೊಸ ನಿಯಮ ಈ ಪಟ್ಟಿಯನ್ನು 80ಕ್ಕೂ ಮೇಲೆ ಒಯ್ದಿತು. ಹೊಸ ಉತ್ಪನ್ನಗಳಿಗೆ 2026ರ ಜುಲೈ 31, ಮೊದಲೇ ಮಾರುಕಟ್ಟೆಯಲ್ಲಿದ್ದವಕ್ಕೆ 2028ರ ಜುಲೈ 31 ಗಡುವು. ಅಮೆರಿಕ ಕೂಡ 2022ರ ಕಾಯ್ದೆಯಲ್ಲಿ ಸುಗಂಧದ ಅಲರ್ಜಿಕಾರಕಗಳನ್ನು ಲೇಬಲ್ಲಿಗೆ ತರಲು ನಿಯಮ ರೂಪಿಸಬೇಕೆಂದು ಹೇಳಿದೆ.

ನಮ್ಮ ದೇಶದಲ್ಲಿ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಅಡಿಯಲ್ಲಿ 2020ರ ಕಾಂತಿವರ್ಧಕ ನಿಯಮಗಳಿವೆ. ಘಟಕಗಳ ಪಟ್ಟಿ ಕೊಡಬೇಕು. ಶೇ. 1ಕ್ಕಿಂತ ಹೆಚ್ಚಿರುವುದನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ, ಉಳಿದದ್ದನ್ನು ಅದರ ನಂತರ ಬರೆಯಬೇಕು. ಇಷ್ಟು ಒಳ್ಳೆಯದೇ. ಆದರೆ ಅಂಗಡಿಯ ಕಪಾಟಿನ ಮುಂದೆ ನಿಂತು ಓದಿದರೆ ಎಷ್ಟೋ ಡಬ್ಬಿಗಳ ಮೇಲೆ ಘಮದ ಜಾಗದಲ್ಲಿ ‘ಪರ್ಫ್ಯೂಮ್’ ಎಂಬ ಒಂದೇ ಪದ. ಆ ಒಂದು ಪದದ ಹಿಂದೆ ಹತ್ತಾರು ವಸ್ತುಗಳಿರಬಹುದು. ನಮ್ಮ ಕೆಲಸದಲ್ಲಿ ಸಿಸ್ಟಮ್ ಬಿದ್ದಾಗ ಲಾಗ್ ಫೈಲ್ ತೆರೆದರೆ ‘ಎಲ್ಲೋ ಏನೋ ತಪ್ಪಾಗಿದೆ’ ಎಂದಷ್ಟೇ ಬರೆದಿದ್ದರೆ ಹೇಗಿರುತ್ತದೋ ಹಾಗೆ. ಅಲರ್ಜಿ ಇಲ್ಲದವರಿಗೆ ಇದರಿಂದ ನಷ್ಟವಿಲ್ಲ. ಲಿನಲೂಲ್ ಆಗಿಬರುವುದಿಲ್ಲ ಎಂಬ ಚೀಟಿ ಹಿಡಿದು ಆಸ್ಪತ್ರೆಯಿಂದ ಬಂದವರು ಆ ಡಬ್ಬಿಯ ಮುಂದೆ ಏನು ಮಾಡಬೇಕು? ವೈನಿ ಈಗ ‘ಪರ್ಫ್ಯೂಮ್’ ಎಂದಷ್ಟೇ ಇರುವ ಯಾವುದನ್ನೂ ಕೊಳ್ಳುವುದಿಲ್ಲ. ಬೇರೆ ದಾರಿ ಇಲ್ಲ.

ನಾವು ಏನು ಮಾಡಬಹುದು

ಡಾಕ್ಟರು ಹೇಳಿದ್ದು, ನಾನು ಓದಿದ್ದು ಸೇರಿಸಿ ಕೆಲವು ಮಾತು.

ಸಣ್ಣ ಬಾಟಲಿ ಕೊಳ್ಳಿ. ಆಫರಿನಲ್ಲಿ ಸಿಕ್ಕಿತೆಂದು ಒಂದು ಲೀಟರಿನ ಪಂಪ್ ಬಾಟಲಿ ತಂದು ಎರಡು ವರ್ಷ ಬಳಸುವುದಕ್ಕಿಂತ ಮೂರು ತಿಂಗಳಿಗೆ ಮುಗಿಯುವುದು ಮೇಲು. ಮುಚ್ಚಳ ಬಿಗಿಯಾಗಿ ಹಾಕಿ. ಗೀಸರಿನ ಕೆಳಗೆ, ಬಿಸಿಲು ಬೀಳುವ ಕಿಟಕಿಯಲ್ಲಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡಬೇಡಿ. ಚೆನ್ನೈ, ಹೈದರಾಬಾದಿನ ಬೇಸಿಗೆಯಲ್ಲಿ ಇದು ಇನ್ನೂ ಮುಖ್ಯ.

ಡಬ್ಬಿಯ ಮೇಲಿನ ದಿನಾಂಕ ಮುಚ್ಚಳ ತೆಗೆಯದ ಡಬ್ಬಿಗೆ ಸಂಬಂಧಿಸಿದ್ದು. ಮುಚ್ಚಳ ತೆರೆದ ಡಬ್ಬಿಯ ಚಿತ್ರ, ಅದರೊಳಗೆ ‘12 ಎಂ’ ಎಂದಿದ್ದರೆ ತೆರೆದ ಮೇಲೆ 12 ತಿಂಗಳು ಎಂದರ್ಥ.

ಲ್ಯಾವೆಂಡರ್, ಟೀ ಟ್ರೀ ಮುಂತಾದ ಎಸೆನ್ಶಿಯಲ್ ಆಯಿಲ್‌ಗಳನ್ನು ನೇರವಾಗಿ ಚರ್ಮಕ್ಕೆ ಹಚ್ಚಬೇಡಿ. ಹಳೆಯ ಬಾಟಲಿ ಇದ್ದರೆ ಬಿಸಾಡಿ.

ಬದಲಿಸುವುದಿದ್ದರೆ ಮೊದಲು ಮೈಮೇಲೆ ಉಳಿಯುವ ವಸ್ತುಗಳನ್ನು ನೋಡಿ: ಕ್ರೀಮು, ಡಿಯೋ, ಮಸಾಜ್ ಎಣ್ಣೆ, ಅತ್ತರು. ತೊಳೆದು ಹೋಗುವ ಸೋಪಿನ ಸರದಿ ಆಮೇಲೆ. ಎಳೆ ಮಕ್ಕಳಿಗೆ ಘಮವೇ ಬೇಕಿಲ್ಲ, ಮನೆಯ ಕೊಬ್ಬರಿ ಎಣ್ಣೆ ಸಾಕು.

‘ಅನ್‌ಸೆಂಟೆಡ್’ ಮತ್ತು ‘ಫ್ರಾಗ್ರೆನ್ಸ್ ಫ್ರೀ’ ಒಂದೇ ಅಲ್ಲ. ಮೊದಲನೆಯದರಲ್ಲಿ ಬೇರೆ ವಾಸನೆಯನ್ನು ಮುಚ್ಚಲು ಸ್ವಲ್ಪ ಸುಗಂಧ ಹಾಕಿರಬಹುದು. ಪಟ್ಟಿ ಓದಿಯೇ ನಂಬಿ.

ಹೊಸ ಕ್ರೀಮಿನ ಬಗ್ಗೆ ಅನುಮಾನವಿದ್ದರೆ ಮೊಣಕೈ ಮಡಿಕೆಯಲ್ಲಿ ದಿನಕ್ಕೆ ಎರಡು ಸಲ, ಒಂದು ವಾರವಾದರೂ ಹಚ್ಚಿ ನೋಡಿ. ಒಂದು ದಿನದ ಪರೀಕ್ಷೆ ಸಾಲದು, ಈ ಅಲರ್ಜಿ ತಡವಾಗಿ ಬರುವಂಥದ್ದು. ಕೆಂಪಾದರೆ ಅಲ್ಲಿಗೇ ನಿಲ್ಲಿಸಿ.

ಕಣ್ಣಿನ ರೆಪ್ಪೆ, ಕತ್ತು, ಕಂಕುಳು, ಕೈಗಳಲ್ಲಿ ತುರಿಕೆ ಹೋಗಿ ಬಂದು ಮಾಡುತ್ತಿದ್ದರೆ ಮೆಡಿಕಲ್ ಶಾಪಿನ ಮುಲಾಮು ಸಾಕು ಎಂದುಕೊಳ್ಳಬೇಡಿ. ಚರ್ಮವೈದ್ಯರ ಬಳಿ ಹೋಗಿ, ಬಳಸುವ ಎಲ್ಲ ಡಬ್ಬಿಗಳನ್ನೂ ಚೀಲದಲ್ಲಿ ಒಯ್ಯಿರಿ. ಪಾರ್ಲರ್, ಸಲೂನ್, ಮನೆಕೆಲಸ, ಆಸ್ಪತ್ರೆಯಲ್ಲಿ ದುಡಿಯುವವರಿಗೆ ಇದು ಇನ್ನೂ ಬೇಗ ಆಗಬೇಕು, ಏಕೆಂದರೆ ಅವರ ಕೈ ದಿನಕ್ಕೆ ಹತ್ತಾರು ಸಲ ಇಂಥವುಗಳಲ್ಲಿ ಮುಳುಗುತ್ತದೆ.

ಇನ್ನೊಂದು ಕೆಲಸ ನಾವೆಲ್ಲ ಸೇರಿ ಮಾಡಬಹುದು. ಡಬ್ಬಿಯ ಮೇಲೆ ಕಂಪನಿಯ ಕಸ್ಟಮರ್ ಕೇರ್ ನಂಬರ್ ಅಥವಾ ಇಮೇಲ್ ಇದ್ದರೆ ನಿಮ್ಮ ಪರ್ಫ್ಯೂಮಿನಲ್ಲಿ ಲಿನಲೂಲ್ ಇದೆಯೇ, ಇದ್ದರೆ ಹೆಸರೇಕೆ ಬರೆದಿಲ್ಲ ಎಂದು ಕೇಳಿ. ನಾನು ಮೂರು ಕಂಪನಿಗಳಿಗೆ ಬರೆದೆ. ಒಂದರಿಂದ ಪೂರ್ತಿ ಪಟ್ಟಿ ಬಂತು, ಒಂದರಿಂದ ‘ಇದು ನಮ್ಮ ವ್ಯಾಪಾರದ ಗುಟ್ಟು’ ಎಂದು ಬಂತು, ಇನ್ನೊಂದು ಉತ್ತರಿಸಲಿಲ್ಲ. ಪಟ್ಟಿ ಕಳಿಸಿದವರ ಸೋಪು ಈಗ ನಮ್ಮ ಮನೆಗೆ ಬರುತ್ತದೆ. ಕೇಳುವವರು ನೂರು ಜನ, ಸಾವಿರ ಜನ ಆದರೆ ಹೆಸರು ಬರೆಯಲು ಡಬ್ಬಿಯ ಮೇಲೆ ಜಾಗ ತಾನಾಗಿ ಸಿಗುತ್ತದೆ.

ಸದ್ಯಕ್ಕೆ ಈ ಭಾನುವಾರ ಒಂದು ಮಾರ್ಕರ್ ಪೆನ್ ತೆಗೆದುಕೊಂಡು, ಹೊಸದಾಗಿ ತೆರೆಯುವ ಪ್ರತಿ ಬಾಟಲಿಯ ತಳದಲ್ಲಿ ತೆರೆದ ತಿಂಗಳು ಬರೆಯುವ ಅಭ್ಯಾಸ ಶುರು ಮಾಡಿ. ಯಾವಾಗ ತೆರೆದದ್ದೋ ನೆನಪಿಲ್ಲದ ಬಾಟಲಿಗಳನ್ನು ಅವತ್ತೇ ಹೊರಗೆ ಹಾಕಿ.